ಕಪ್ಪುಕುಳಿಯ ಪಾಠ ಹುಡುಕಿಕೊಂಡು ತಿಂಥಣಿ ದಾರಿಯಲ್ಲಿ

ಜನವರಿಯ ಆ ಭಾನುವಾರ ಯಾದಗಿರಿಯ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಬೆಳಿಗ್ಗೆ ನಾನು ಪುಂಡಿಪಲ್ಯ ತಂದೆ. ನನ್ನ ಹೆಂಡತಿ ಸುಜಾತಾ ರೊಟ್ಟಿ ಬಡಿದಳು. ಊಟವಾದ ಮೇಲೆ ಅವಳು ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ, ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.

"ತಿರುವ್ರಿ. ಒಂದೇ ಕಡಿ ತಿರುವ್ಕೋತ ಹೋಗ್ರಿ."

"ಯಾಕ?"

"ಒಂಬತ್ತನೇತ್ತಾ ಹುಡುಗೂರು ಒಂದು ಪ್ರಶ್ನಿ ಕೇಳ್ಯಾವ. ಎಲ್ಲಾನೂ ನುಂಗೂ ಕಪ್ಪುಕುಳಿಯಿಂದ ಕಾರಂಜಿ ಹೆಂಗ ಚಿಮ್ಮತದ ಅಂತ. ಬುಧವಾರ ಹೇಳ್ತೀನಿ ಅಂದೀನಿ."

ಅವಳು ಸುರಪುರ ತಾಲ್ಲೂಕಿನಲ್ಲಿ, ತಿಂಥಣಿಗೆ ಹತ್ತಿರದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದಳು. ಸುರಪುರದಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡು, ಶನಿವಾರ ಸಂಜೆ ಮನೆಗೆ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗುತ್ತಿದ್ದಳು. ನಾನು ಬೇಳೆ ಮಿಲ್ಲಿನಲ್ಲಿ ಗುಮಾಸ್ತ. ಪಿಯುಸಿ ಆದ ಮೇಲೆ ಓದಿದವನಲ್ಲ. ಹಗ್ಗ ತಿರುವುತ್ತ ನಾನು ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಅವಳು ಹತ್ತು ನಿಮಿಷ ಏನೋ ವಿವರಿಸಿದಳು. ನಡುವೆ ಒಮ್ಮೆ, "ಕೇಳಾಕತ್ತೀರಿಲ್ಲೋ?" ಎಂದಳು. "ಕೇಳಾಕತ್ತೀನಿ, ಹೇಳು" ಎಂದೆ. ಕೇಳುತ್ತಿರಲಿಲ್ಲ.

ಬುಧವಾರ ಅವಳು ಆ ಪಾಠ ಮಾಡಿದಳು. ಶುಕ್ರವಾರ ಬೆಳಿಗ್ಗೆ ಶಾಲೆಯಲ್ಲಿ ತಲೆನೋವು ಎಂದು ಕುರ್ಚಿಯ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ. ಕಲಬುರಗಿಗೆ ಕರೆದೊಯ್ಯುವಾಗ ದಾರಿಯಲ್ಲೇ ಹೋದಳು. ಮಿದುಳಿನಲ್ಲಿ ನರ ಒಡೆದಿತ್ತು ಎಂದರು. ಅವಳಿಗೆ ನಲವತ್ತನಾಲ್ಕು ವರ್ಷ. ನಮಗೆ ಮಕ್ಕಳಿಲ್ಲ.

ಮನೆಯಲ್ಲಿ ಅವಳ ಫೋಟೊಗಳು ಬಹಳ ಇವೆ. ಆದರೆ ಒಂದು ತಿಂಗಳಾದ ಮೇಲೆ ಒಂದು ದಿನ ಮಿಲ್ಲಿನಲ್ಲಿ ಕುಳಿತಾಗ, ಅವಳು ನನ್ನನ್ನು ಹೇಗೆ ಕರೆಯುತ್ತಿದ್ದಳು ಎಂದು ನೆನಪಿಸಿಕೊಳ್ಳಲು ಹೋದೆ. ಮಾತು ನೆನಪಾಯಿತು, ಅವಳ ದನಿ ನೆನಪಿಗೆ ಬರಲಿಲ್ಲ. ಫೋನಿನಲ್ಲಿ ಹುಡುಕಿದೆ. ಅವಳು ಮೆಸೇಜನ್ನು ಟೈಪ್ ಮಾಡಿ ಕಳಿಸುವವಳು, ಮಾತಾಡಿ ಕಳಿಸುವವಳಲ್ಲ. ಅಂತ್ಯಕ್ರಿಯೆಯ ದಿನ ಅವಳ ಶಾಲೆಯ ಹೆಡ್‌ಮಾಸ್ತರರು ಹೇಳಿದ್ದು ಆಗ ನೆನಪಾಯಿತು. ಬುಧವಾರದ ಪಾಠವನ್ನು ಶಾಲೆಯ ಫೋನಿನಲ್ಲಿ ಪೂರ್ತಿ ವಿಡಿಯೊ ಮಾಡಿದ್ದಾರೆ, ನಲವತ್ತು ನಿಮಿಷದ್ದು. ನಾನು ಫೋನು ಮಾಡಿದಾಗ ಅವರು, "ವಿಜ್ಞಾನ ದಿನಕ್ಕ ಬರ್ರಿ. ಮಕ್ಕಳು ಮೇಡಂ ಅವರ ಪಾಠಾನೇ ಮಾಡಿ ತೋರಸ್ತಾರ. ವಿಡಿಯೊನೂ ಒಯ್ಯಕ ಆಗತೈತಿ" ಎಂದರು. ಸುರಪುರದ ಕೋಣೆಯನ್ನೂ ಖಾಲಿ ಮಾಡಬೇಕಿತ್ತು. ಎರಡು ದಿನ ರಜೆ ಹಾಕಿ ಹೊರಟೆ.

ಯಾದಗಿರಿಯಿಂದ ಒಂಬತ್ತು ಗಂಟೆಯ ಬಸ್ಸು. ಫೆಬ್ರವರಿ ಕೊನೆ, ಆಗಲೇ ಕಿಟಕಿಯ ಕಬ್ಬಿಣ ಬಿಸಿಯಾಗಿತ್ತು. ಕಂಡಕ್ಟರ್ ಬಂದಾಗ ನಾನು ರೂಢಿಯಂತೆ "ಎರಡು, ಶಹಾಪುರ" ಎಂದೆ. ಹೆಂಗಸರಿಗೆ ಟಿಕೆಟ್ಟಿಗೆ ಹಣವಿಲ್ಲ, ಆಧಾರ್ ಕಾರ್ಡ್ ತೋರಿಸಬೇಕು. ನಾವಿಬ್ಬರೂ ಹೋಗುವಾಗ ನಾನು ಎರಡು ಎನ್ನುತ್ತಿದ್ದೆ, ಅವಳು ಕಾರ್ಡ್ ತೆಗೆಯುತ್ತಿದ್ದಳು.

"ಇನ್ನೊಬ್ರು ಎಲ್ಲದಾರ್ರಿ? ಕಾರ್ಡ್ ತೋರಸ್ರಿ" ಎಂದ ಕಂಡಕ್ಟರ್.

"ಇಲ್ರಿ, ಒಂದೇ ಕೊಡ್ರಿ."

"ಎರಡಂತೀರಿ, ಒಂದಂತೀರಿ. ಬಿಸಲು ಇನ್ನಾ ನೆತ್ತಿಗಿ ಬಂದಿಲ್ರೀ ಯಜಮಾನ್ರ, ಈಗೇ ಹಿಂಗಾದ್ರ ಹೆಂಗ?"

ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಭೀಮಾ ಸೇತುವೆಯ ಕೆಳಗೆ ನೀರು ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಆಚೆ ತೊಗರಿ ಕೊಯ್ದ ಹೊಲಗಳು, ಹತ್ತಿಯ ಒಣಗಿದ ಕಡ್ಡಿಗಳು. ಸುಮಾರು ಒಂದು ಗಂಟೆಯ ದಾರಿ. ಶಹಾಪುರ ಹತ್ತಿರವಾದಂತೆ ಗುಡ್ಡದ ಸಾಲು ಬಂತು. ಬುದ್ಧ ಅಂಗಾತ ಮಲಗಿದಂತೆ ಕಾಣುವ ಗುಡ್ಡ ಅದು. ಹಣೆ, ಮೂಗು, ತುಟಿ, ಎದೆ. ನಮ್ಮದು ಬೌದ್ಧ ಮನೆತನ, ಆ ತಿರುವಿನಲ್ಲಿ ಕೈ ಮುಗಿಯುವುದು ರೂಢಿ. ಮುಗಿದೆ.

ಶಹಾಪುರದಲ್ಲಿ ಇಳಿದದ್ದು ನಸೀಮಾ ಅವರನ್ನು ಕಾಣಲು. ಅವರು ಸುಜಾತಾಳ ಬಿ.ಎಸ್ಸಿ. ಗೆಳತಿ, ಈಗ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ. ಪಾಠ ಕೇಳುವ ಮುಂಚೆ ಅದರಲ್ಲಿ ಏನಿದೆ ಎಂದು ಸ್ವಲ್ಪವಾದರೂ ತಿಳಿದಿರಲಿ ಎಂದು ನಾನೇ ಬರುತ್ತೇನೆ ಎಂದಿದ್ದೆ. ಮಂಡಕ್ಕಿಯ ಸುಸಲಾ, ಮಿರ್ಚಿ ತಂದಿಟ್ಟು ಎದುರಿಗೆ ಕುಳಿತರು.

"ನಿಮ್ಮ ಹೆಂಡ್ತಿ ಹದಿನೈದು ದಿನ ನನ್ನ ತಲಿ ತಿಂದಾಳ ಭಾಯಿ. ಫೋನ್ ಮ್ಯಾಲ ಫೋನ್. ನಾ ಅಂದೆ, ಇದು ಒಂಬತ್ತನೇತ್ತಾ ಪುಸ್ತಕದಾಗ ಇಲ್ಲ, ಸುಮ್ನ ಬಿಡು ಅಂತ. ಅಕಿ ಬಿಡಾಕ ತಯಾರಿಲ್ಲ."

"ನನಗೂ ಹೇಳಿದ್ಲು. ನಾ ಸರಿಯಾಗಿ ಕೇಳಲಿಲ್ಲ" ಎಂದೆ.

ನಸೀಮಾ ನನಗೆ ತಿಳಿಯುವ ಹಾಗೆ ಹೇಳಿದರು. ಆಕಾಶದಲ್ಲಿ ಎಷ್ಟೋ ನಕ್ಷತ್ರಗಳು ಒಂಟಿಯಲ್ಲ, ಜೋಡಿ. ಒಂದರ ಸುತ್ತ ಒಂದು ತಿರುಗುತ್ತಿರುತ್ತವೆ. ಜೋಡಿಯಲ್ಲಿ ಒಂದು ಬಹಳ ಭಾರವಿದ್ದರೆ ಅದು ಬೇಗ ಉರಿದು ಮುಗಿಯುತ್ತದೆ, ತನ್ನೊಳಗೇ ಕುಸಿದು ಕಪ್ಪುಕುಳಿಯಾಗುತ್ತದೆ. ಬೆಳಕೂ ಅದರಿಂದ ಹೊರಗೆ ಬರಲಾರದು. ಇನ್ನೊಂದು ನಕ್ಷತ್ರ ಉಳಿಯುತ್ತದೆ.

"ಕಾಣದ್ದು ಅಲ್ಲಿ ಅದ ಅಂತ ಹೆಂಗ ಗೊತ್ತಾಗತದ?" ಎಂದು ಕೇಳಿದೆ.

"ಉಳದ ನಕ್ಷತ್ರ ನೋಡಿ ಭಾಯಿ. ಅದು ಒಂದೇ ಕಡಿ ನಿಂದ್ರಂಗಿಲ್ಲ. ಖಾಲಿ ಜಾಗದ ಸುತ್ತ ತಿರಗಾಡ್ತಿರ್ತದ. ಅದನ್ನ ನೋಡೇ ಅಂತಾರ, ಅಲ್ಲಿ ಇನ್ನೊಂದು ಅದ ಅಂತ."

ಇಷ್ಟು ಹೇಳಿ ಅವರು ನನ್ನ ಮುಖ ನೋಡಿದರು. ಚಹಾ ತರುತ್ತೇನೆಂದು ಎದ್ದು ಹೋದರು. ಒಳಗಿನಿಂದ ಬರಲು ಸ್ವಲ್ಪ ಹೊತ್ತು ಹಿಡಿಯಿತು.

ಚಹಾ ಕುಡಿಯುತ್ತ ಮುಂದಿನದನ್ನು ಹೇಳಿದರು. ಎರಡೂ ಹತ್ತಿರ ಇದ್ದರೆ ಕಪ್ಪುಕುಳಿ ಆ ನಕ್ಷತ್ರದ ಅನಿಲವನ್ನು ಎಳೆದುಕೊಳ್ಳುತ್ತದೆ. ಆದರೆ ಅನಿಲ ನೇರ ಹೋಗಿ ಬೀಳುವುದಿಲ್ಲ. ಬಚ್ಚಲ ತೂತಿಗೆ ನೀರು ಹೋಗುವಂತೆ ಸುತ್ತಿ ಸುತ್ತಿ ಇಳಿಯುತ್ತದೆ. ಹೀಗೆ ಕಪ್ಪುಕುಳಿಯ ಸುತ್ತ ತಟ್ಟೆಯಂಥದೊಂದು ಕಟ್ಟಿಕೊಳ್ಳುತ್ತದೆ. ಒಳಗಿನದು ಜೋರಾಗಿ, ಹೊರಗಿನದು ನಿಧಾನವಾಗಿ ಸುತ್ತುವುದರಿಂದ ಒಂದಕ್ಕೊಂದು ಉಜ್ಜುತ್ತವೆ.

"ನಿಮ್ಮ ಮಿಲ್ಲಿನಾಗ ಬ್ಯಾಳಿ ಮಷೀನಿನಿಂದ ಬಿಸಿ ಬಿಸಿ ಬೀಳಂಗಿಲ್ಲೇನು? ಉಜ್ಜಿದ್ರ ಬಿಸಿ. ಅಲ್ಲಿ ಲಕ್ಷಗಟ್ಟಲೆ ಡಿಗ್ರಿ. ಅಷ್ಟು ಬಿಸಿಯಾದ್ರ ಎಕ್ಸ್-ರೇ ಬಿಡತದ. ನಿಮ್ಮ ಮಿಲ್ಲಿನ ಉದಾಹರಣಿ ಅಕಿದೇ, ನಂದಲ್ಲ."

ನಮ್ಮ ಮಿಲ್ಲಿಗೆ ಅವಳು ಒಮ್ಮೆಯೋ ಎರಡು ಸಲವೋ ಬಂದಿರಬಹುದು. ಬೇಳೆ ಮುಟ್ಟಿ ನೋಡಿದ್ದಳೆಂದು ನನಗೆ ಗೊತ್ತಿರಲಿಲ್ಲ.

"ಮತ್ತ ಕಾರಂಜಿ?"

"ಕಾರಂಜಿ ಅಂದ್ರ ಜೆಟ್. ತಟ್ಟಿ ಮ್ಯಾಲೊಂದು, ಕೆಳಗೊಂದು, ಎದುರುಬದುರು ಚಿಮ್ಮತಾವ, ಹೆಚ್ಚುಕಮ್ಮಿ ಬೆಳಕಿನ ವೇಗದಾಗ. ಹೆಂಗ ಅಂತ ನಾ ಪುಸ್ತಕದ ಮಾತಿನಾಗ ಹೇಳಿದ್ದೆ. ಅಕಿಗೆ ಅದು ಹಿಡಿಸಲಿಲ್ಲ. ಹಗ್ಗದ್ದೇನೋ ಮಾಡೀನಿ, ಬಂದು ತೋರಿಸ್ತೀನಿ ಅಂದಿದ್ಲು. ಭಾಯಿ, ಆ ವಿಡಿಯೊ ಸಿಕ್ಕ ಕೂಡ್ಲೇ ನನಗೂ ಕಳಸ್ರಿ. ಮರೀಬ್ಯಾಡ್ರಿ."

ಕಳಿಸುತ್ತೇನೆ ಎಂದು ಮಾತು ಕೊಟ್ಟು ಸುರಪುರದ ಬಸ್ಸು ಹಿಡಿದೆ. ಸುಮಾರು ಇಪ್ಪತ್ತೈದು ಕಿಲೋಮೀಟರ್. ಕಾಲುವೆ ನೀರು ಬರುವ ಕಡೆಯೆಲ್ಲ ಭತ್ತ ಹಸಿರಾಗಿತ್ತು, ಬಾರದ ಕಡೆ ನೆಲ ಬಿರಿದಿತ್ತು. ಮೂರು ಗಂಟೆಗೆ ಸುರಪುರದ ಗುಡ್ಡಗಳು ಕಂಡವು.

ಅವಳ ಕೋಣೆ ರಂಗಂಪೇಟೆಯ ಒಂದು ಓಣಿಯಲ್ಲಿತ್ತು. ಮನೆಯೊಡತಿ ಶಾಂತಮ್ಮ, ಎಪ್ಪತ್ತರ ಮೇಲಿನವರು. ಕೀಲಿ ಕೊಟ್ಟು ಬಾಗಿಲಲ್ಲೇ ನಿಂತರು. ಒಂದು ಸ್ಟೋವ್, ನಾಲ್ಕು ಪಾತ್ರೆ, ಚಾಪೆ, ಪುಸ್ತಕಗಳು. ನಾನು ಕಟ್ಟತೊಡಗಿದೆ.

"ಗ್ವಾಡಿ ಈಕಡಿ ನಾ ಮಲಗಾಕಿ, ಆಕಡಿ ನಿನ್ನ ಹೆಂಡ್ತಿ" ಎಂದರು ಶಾಂತಮ್ಮ. "ಊಟ ಆತಂದ್ರ ಗ್ವಾಡಿಗೆ ಪಾಠ ಹೇಳಾಕಿ. ನನಗ ನಿದ್ದಿ ಇಲ್ಲ."

"ಏನಂತಿದ್ಲು, ನೆನಪೈತೇನ್ರಿ?"

"ನನಗೇನು ತಿಳೀತೈತೋ ಯಪ್ಪಾ. ಕಡೀ ಸಲ ಬಂದಾಗ ಜಡಿ ಹೆಣದಂಗ, ಜಡಿ ಹೆಣದಂಗ ಅನ್ಕೋತಿದ್ಲು. ನಾ ಈಕಡಿಯಿಂದ ಅಂದೆ, ಯವ್ವಾ, ಹೆಣಿಯಾಕ ನಿನ್ನ ತಲಿಮ್ಯಾಗ ಕೂದಲರ ಎಲ್ಲಿ ಉಳದಾವ ಅಂತ. ಕಿಲಿಕಿಲಿ ನಕ್ಕಳು."

ನಗೆಯನ್ನು ಶಾಂತಮ್ಮ ಮಾಡಿ ತೋರಿಸಿದರು. ಅದು ಶಾಂತಮ್ಮನ ನಗೆ. ಆದರೂ ಇನ್ನೊಮ್ಮೆ ಮಾಡಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆ ರಾತ್ರಿ ಅವರ ಮನೆಯಲ್ಲೇ ಉಂಡು ಆ ಕೋಣೆಯಲ್ಲೇ ಮಲಗಿದೆ.

ಮರುದಿನ ಬೆಳಿಗ್ಗೆ ಎಂಟೂವರೆಗೆ ತಿಂಥಣಿ ಕಡೆಯ ಬಸ್ಸು. ಮೌನೇಶ್ವರನ ಗುಡಿಗೆ ಹೋಗುವವರು, ಕೃಷ್ಣಾ ನದಿಯಾಚೆ ಊರಿನವರು, ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಮರಳುವವರು. ಹಳ್ಳಿಯ ಕ್ರಾಸಿನಲ್ಲಿ ಇಳಿದು ಒಂದು ಕಿಲೋಮೀಟರ್ ನಡೆದೆ. ಈ ದಾರಿಯನ್ನು ಅವಳು ಆರು ವರ್ಷ ನಡೆದಿದ್ದಳು. ನೆರಳಿಗೆ ಎರಡು ಬೇವಿನ ಮರ ಮಾತ್ರ ಇವೆ. ಕೃಷ್ಣೆ ಕಾಣುವುದಿಲ್ಲ, ಆದರೆ ಆ ಕಡೆಯಿಂದ ಬರುವ ಗಾಳಿ ತಂಪಾಗಿತ್ತು.

ಹೆಡ್‌ಮಾಸ್ತರರು ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಅವರ ಕೋಣೆಯಲ್ಲಿ ಪಿ.ಟಿ. ಮಾಸ್ತರ ಹಣಮಂತರಾಯ ಇದ್ದರು, ಮೂವತ್ತರ ಆಸುಪಾಸಿನ ಗಟ್ಟಿ ಆಳು. ಶಾಲೆಯ ಫೋನು ಅವರ ವಶ. ನಾನು ಕೇಳುವ ಮುಂಚೆಯೇ ಹೆಡ್‌ಮಾಸ್ತರರು, "ಹಣಮಂತ, ಸರ್‌ಗೆ ವಿಡಿಯೊ ತೋರಸು" ಎಂದರು.

ಫೋನನ್ನು ನನ್ನ ಮುಂದೆ ಪುಸ್ತಕಕ್ಕೆ ಒರಗಿಸಿ ನಿಲ್ಲಿಸಿದರು. ಶಾಲೆಯ ಅಂಗಳ, ಸಾಲಾಗಿ ಕುಳಿತ ಮಕ್ಕಳು, ಮೇಜಿನ ಮೇಲೆ ಸುಜಾತಾಳ ಹಾರ ಹಾಕಿದ ಫೋಟೊ. ಹೆಡ್‌ಮಾಸ್ತರರ ಭಾಷಣ. ಊರಿನ ಹಿರಿಯರ ಭಾಷಣ. ಮತ್ತೊಬ್ಬರು, ಇನ್ನೊಬ್ಬರು. ಕೊನೆಗೆ ಎರಡು ನಿಮಿಷ ಮೌನ. ಶ್ರದ್ಧಾಂಜಲಿ ಸಭೆ ಎಂದು ತಿಳಿದು ನಾನು ಮರ್ಯಾದೆಯಿಂದ ಪೂರ್ತಿ ನೋಡಿದೆ. ಮುಗಿದ ಮೇಲೆ ಕೇಳಿದೆ.

"ಚಲೋ ಮಾಡೀರಿ. ಆಕಿ ಪಾಠದ್ದು ಯಾವುದ್ರಿ?"

ಹಣಮಂತರಾಯ ಫೋನು ತೆಗೆದುಕೊಂಡು ಬೆರಳಾಡಿಸಿದರು. ಬೆರಳಾಡಿಸುತ್ತಲೇ ಇದ್ದರು. ಅವರ ಕಿವಿ ಕೆಂಪಗಾದದ್ದು ನನಗೆ ಕಂಡಿತು.

"ಸರ, ಸಭಾ ದಿನ ಫೋನ್ ತುಂಬಿತ್ರಿ. ಮೆಮರಿ ಇಲ್ಲ ಅಂತ ತೋರಸ್ತು. ಎಲ್ಲಾರೂ ಬಂದು ಕುಂತಿದ್ರು, ಹೆಡ್‌ಮಾಸ್ತರು ಮೈಕ್ ಹಿಡದಿದ್ರು. ಯಾವುದು ದೊಡ್ಡದೈತಿ ನೋಡಿ ಒಂದು ಅಳಿಸಿ ತಗದ್ನಿರಿ."

"ಯಾವುದು ತಗದಿ?" ಎಂದರು ಹೆಡ್‌ಮಾಸ್ತರರು.

"ದೊಡ್ಡದು ಅದೊಂದೇ ಇತ್ರಿ." ಹಣಮಂತರಾಯ ನನ್ನ ಕಡೆ ನೋಡಲಿಲ್ಲ. "ಯಾವುದಂತ ತೆರದು ನೋಡಲಿಲ್ಲರಿ. ಮೇಡಂ ಅವರ ಸಭಾ, ಚಲೋ ಬರಬೇಕು, ಪೂರಾ ಬರಬೇಕು ಅಂತ ಅಷ್ಟೇ ಇತ್ತು ತಲ್ಯಾಗ. ಅವರ ಸಲುವಾಗೇ ತಗದ್ನಿರಿ."

ಹೆಡ್‌ಮಾಸ್ತರರು ಬೈಯಲು ಬಾಯಿ ತೆರೆದರು. ನಾನು ಕೈ ಎತ್ತಿ, "ಇರ್ಲಿ ಬಿಡ್ರಿ" ಎಂದೆ. ಅಷ್ಟು ಹೇಳುವುದಕ್ಕೆ ಬಹಳ ಕಷ್ಟವಾಯಿತು. ಹನ್ನೊಂದಕ್ಕೆ ಗಂಟೆ ಹೊಡೆದರು. ಮಕ್ಕಳು ಕಾಯುತ್ತಿದ್ದಾರೆ ಎಂದು ಕರೆದರು.

ಅಂಗಳದಲ್ಲಿ ಮಕ್ಕಳು ಪಾಠ ಶುರುಮಾಡಿದರು. ಸುಜಾತಾ ಮಾಡಿದ್ದನ್ನು ಹಾಗೆಯೇ ಮಾಡುತ್ತೇವೆ ಎಂದು ಮೊದಲೇ ಹೇಳಿದರು. ಟೀಚರ್ ಆಗಿದ್ದವಳು ನೀಲಮ್ಮ ಎಂಬ ಹುಡುಗಿ, ಮೀನು ಹಿಡಿಯುವ ಮನೆಯವಳು. ಒಬ್ಬ ಹುಡುಗ ಕರಿ ಕಂಬಳಿ ಹೊದ್ದು ನಡುವೆ ಕುಳಿತ. ಅವನು ಕಪ್ಪುಕುಳಿ. ದೂರದಲ್ಲಿ ಹಳದಿ ಓಢಣಿ ಹಾಕಿಕೊಂಡ ಹುಡುಗಿ ಜೊತೆಗಾರ ನಕ್ಷತ್ರ. ಅವಳ ಕಡೆಯಿಂದ ಒಬ್ಬೊಬ್ಬರೇ ಬಂದು ಕಂಬಳಿಯ ಸುತ್ತ ಓಡತೊಡಗಿದರು. ಒಳಗಿನ ಸಾಲು ಜೋರು, ಹೊರಗಿನ ಸಾಲು ನಿಧಾನ. ಭುಜಕ್ಕೆ ಭುಜ ತಾಗಿ ಎಲ್ಲರೂ ಬೆವೆತರು. ಆಗಾಗ ಒಬ್ಬರು ಕಂಬಳಿಯೊಳಗೆ ನುಗ್ಗಿ ಅಲ್ಲೇ ಉಳಿಯಬೇಕು. ಐದಾರು ಜನ ಆದಾಗ ಕಪ್ಪುಕುಳಿಯೊಳಗಿಂದ, "ಏ ಯಾರಲೇ ಅಂವಾ, ಕಾಲು ತುಳಿಬ್ಯಾಡ" ಎಂದು ಕೇಳಿಸಿತು.

"ಕಪ್ಪುಕುಳಿ ಮಾತಾಡಂಗಿಲ್ಲ" ಎಂದಳು ನೀಲಮ್ಮ. "ಬೆಳಕೂ ಬರಂಗಿಲ್ಲ, ನಿನ್ನ ಬೈಗಳಾನೂ ಬರಂಗಿಲ್ಲ."

ಎಲ್ಲರೂ ನಕ್ಕರು. ಆಮೇಲೆ ಅವಳು ಬೆರಳಿನ ಸೀಮೆಸುಣ್ಣವನ್ನು ದುಪಟ್ಟದ ತುದಿಗೆ ಒರೆಸಿಕೊಂಡು, ಕುತ್ತಿಗೆ ಒಂದಿಷ್ಟು ಓರೆ ಮಾಡಿ, "ಹಾಂ, ಮುಂದ?" ಎಂದಳು. ಅದು ಸುಜಾತಾಳ ರೀತಿ. ಮಕ್ಕಳ ನಗೆ ನಿಂತಿತು.

ಮುಂದಿನದು ನಾನು ಆ ಭಾನುವಾರ ಕೇಳದೆ ಬಿಟ್ಟದ್ದು. ನೀಲಮ್ಮ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿಸಿ ಇನ್ನೊಂದನ್ನು ತಾನೇ ತಿರುವಿದಳು. ಅಷ್ಟು ಬಿಸಿಯಾದ ಅನಿಲದಲ್ಲಿ ಅಯಸ್ಕಾಂತದ ಬಲ ಎಳೆಎಳೆಯಾಗಿ ಹಾದುಹೋಗಿರುತ್ತದಂತೆ. ಅನಿಲ ಸುತ್ತಿದಾಗ ಆ ಎಳೆಗಳೂ ಸುತ್ತುತ್ತವೆ, ಜಡೆ ಹೆಣೆದಂತೆ ಒಂದಕ್ಕೊಂದು ಹೊಸೆದುಕೊಳ್ಳುತ್ತವೆ. ಕಪ್ಪುಕುಳಿ ತಾನೂ ಗಿರಗಿರ ತಿರುಗುತ್ತಿದ್ದರೆ ಹೊಸೆತ ಇನ್ನೂ ಬಿಗಿ. ಅವಳು ಬಿಗಿದ ಹಗ್ಗದ ಮೇಲೆ ಅಲ್ಲಲ್ಲಿ ಹತ್ತಿಯ ಚೂರು ಸಿಕ್ಕಿಸಿದಳು. ತುದಿಯನ್ನು ಬಿಟ್ಟಳು. ಹಗ್ಗ ಹಾವಿನಂತೆ ಹೊರಳಿ ಹತ್ತಿ ಅಂಗಳದ ತುಂಬ ಹಾರಿತು.

ಮೊದಲೇ ಹೇಳಿಕೊಟ್ಟಂತೆ ಒಬ್ಬ ಹುಡುಗ ಎದ್ದ. "ಟೀಚರ್, ಒಳಗ ಹೋದದ್ದು ತಿರುಗಿ ಹೆಂಗ ಬರತೈತಿ?"

"ಬರಂಗಿಲ್ಲ" ಎಂದಳು ನೀಲಮ್ಮ. "ಒಳಗ ಹೋದದ್ದು ಹೋತು. ಅದು ಯಾವತ್ತೂ ಬರಂಗಿಲ್ಲ. ಚಿಮ್ಮೂದು, ಒಳಗ ಹೋಗದೇ ಅಂಚಿನಾಗ ಸುತ್ತಾಕತ್ತಿದ್ದದ್ದು. ಹೊಸೆದ ಎಳಿಗಳ ಬಲ ಅದನ್ನ ಎತ್ತಿ ಮ್ಯಾಲ ಕೆಳಗ ಒಗೀತೈತಿ. ಇನ್ನೊಂದು ಮಾತು ಬರಕೋರ್ರಿ. ಹಗ್ಗದಾಗ ಹತ್ತಿ ಸುತ್ತೂ ಕಡಿ ಹಾರಿತು. ಖರೇ ಕಾರಂಜಿ ನಡುವಿನ ಅಚ್ಚಿನಗುಂಟ ನೆಟ್ಟಗ ಹೋಗತೈತಿ. ಇಲ್ಲಿ ನನ್ನ ಹಗ್ಗ ತಪ್ಪು ಹೇಳತೈತಿ. ಅಷ್ಟು ನೆಟ್ಟಗ, ಅಷ್ಟು ದೂರ ಹೆಂಗ ಹೋಗತೈತಿ ಅನ್ನೂದು ದೊಡ್ಡ ದೊಡ್ಡವರಿಗೂ ಇನ್ನಾ ಪೂರಾ ಗೊತ್ತಿಲ್ಲ. ನನಗೂ ಗೊತ್ತಿಲ್ಲ."

ತನ್ನ ತಪ್ಪನ್ನು ಬರೆದುಕೊಳ್ಳಿ ಎಂದು ಮಕ್ಕಳಿಗೆ ಹೇಳುವುದು ಸುಜಾತಾಳೇ. ಮಾತು ಅವಳದು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಅವಳದು. ನಾನು ಕಣ್ಣು ಮುಚ್ಚಿ ಕೇಳಿದೆ. ಕೇಳಿಸಿದ್ದು ಹದಿನಾಲ್ಕು ವರ್ಷದ ಹುಡುಗಿಯ ಸಪೂರ ದನಿ.

ಪಾಠ ಮುಗಿದ ಮೇಲೆ ನೀಲಮ್ಮ ಹತ್ತಿರ ಬಂದು, "ಸರ, ಟೀಚರ್ ಹೇಳಿದಂಗ ಆತೇನ್ರಿ?" ಎಂದು ಕೇಳಿದಳು.

"ಆತವ್ವ" ಎಂದೆ.

ಹಣಮಂತರಾಯ ಊಟ ಮಾಡಲಿಲ್ಲ. ತಾವೇ ಬೈಕಿನಲ್ಲಿ ಸುರಪುರಕ್ಕೆ ಬಿಡುತ್ತೇನೆಂದು ಹಠ ಹಿಡಿದರು. ಊರು ಮುಟ್ಟಿದ ಮೇಲೆ ನೇರ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಲ್ಲಿಸಿದರು. ಅಂಗಡಿಯವನು ಫೋನನ್ನು ಕಂಪ್ಯೂಟರಿಗೆ ಹಚ್ಚಿದ. ನಾವು ಹೊರಗೆ ಕಟ್ಟೆಯ ಮೇಲೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಕುಳಿತೆವು. ಎದುರಿಗೆ ಒಬ್ಬಾಕೆ ಮೆಣಸಿನಕಾಯಿ ಒಣಹಾಕಿದ್ದಳು.

"ಇಲ್ರಿ" ಎಂದ ಅಂಗಡಿಯವನು. "ಅದರ ಜಾಗದಾಗ ಇನ್ನೊಂದು ದೊಡ್ಡ ವಿಡಿಯೊ ಕುಂತದ. ಆಮ್ಯಾಲ ಫೋಟೊನೂ ಬಹಳ ತಗದೀರಿ. ಹಳೇದು ಬರಂಗಿಲ್ಲ."

"ಇನ್ನೊಮ್ಮೆ ನೋಡಪಾ" ಎಂದರು ಹಣಮಂತರಾಯ.

"ಮೂರು ಸಲ ನೋಡೀನ್ರೀ ಸರ."

ಶಾಂತಮ್ಮನ ಮನೆಯಿಂದ ಸಾಮಾನು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆವು. ಅಲ್ಲಿ ಅವರು ನನ್ನ ಚೀಲ, ಪಾತ್ರೆಯ ಗಂಟು, ಪುಸ್ತಕದ ಕಟ್ಟು ಎಲ್ಲವನ್ನೂ ತಾವೇ ಮೇಲೆ ಹತ್ತಿಸಿದರು. ಕಿಟಕಿಯ ಹತ್ತಿರ ನಿಂತು, "ನನಗ ಬೈದು ಹೋಗ್ರಿ ಸರ, ಹಗುರಾಕ್ಕತಿ" ಎಂದರು. ಕಿಟಕಿಯಿಂದ ಕೈ ಚಾಚಿ ಅವರ ಭುಜ ಮುಟ್ಟಿದೆ. ಬಸ್ಸು ಹೊರಟಿತು.

ಶಹಾಪುರದಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಇಳಿದು ನಸೀಮಾ ಅವರಿಗೆ ಫೋನು ಮಾಡಿ ಹಗ್ಗದ ಪಾಠವನ್ನು ನಾನೇ ಹೇಳಿದೆ, ನನಗೆ ಬಂದ ಹಾಗೆ. ಅವರು ನಡುವೆ ಮಾತಾಡದೆ ಕೇಳಿ ಕೊನೆಗೆ, "ಸರಿ ಅದ ಭಾಯಿ. ಅಕಿ ಸರಿಯಾಗಿ ಮಾಡ್ಯಾಳ" ಎಂದರು. ವಿಡಿಯೊ ಅಳಿಸಿಹೋಗಿದೆ, ಕಳಿಸಲಾಗುವುದಿಲ್ಲ ಎಂಬುದನ್ನೂ ಹೇಳಬೇಕಾಯಿತು.

ಸಂಜೆ ಏಳಕ್ಕೆ ಯಾದಗಿರಿ ಮುಟ್ಟಿದೆ. ಶ್ರದ್ಧಾಂಜಲಿ ಸಭೆಯ ವಿಡಿಯೊವನ್ನು ಹೆಡ್‌ಮಾಸ್ತರರು ನನ್ನ ಫೋನಿಗೆ ಕಳಿಸಿದ್ದಾರೆ, ಅದು ಪೂರ್ತಿ ಇದೆ. ಕಪ್ಪುಕುಳಿಯಿಂದ ಕಾರಂಜಿ ಹೇಗೆ ಚಿಮ್ಮುತ್ತದೆ ಎಂದು ಯಾರಾದರೂ ಕೇಳಿದರೆ ಈಗ ನಾನೂ ಹೇಳಬಲ್ಲೆ, ಎಲ್ಲಿಯವರೆಗೆ ಗೊತ್ತು, ಎಲ್ಲಿಂದ ಗೊತ್ತಿಲ್ಲ ಎಂಬುದನ್ನೂ ಸೇರಿಸಿ. ಸುಜಾತಾಳ ದನಿ ಎಲ್ಲಿಯೂ ಇಲ್ಲ.